ಬೂದು ಬಣ್ಣದ ಮನೆ

ನಮ್ಮ ಹೈಸ್ಕೂಲಿನಲ್ಲಿ ಮೇಲಿನ ತರಗತಿಗೆ ಹೋಗುವ ಮಕ್ಕಳು ಸಮಾಜ ವಿಜ್ಞಾನದಲ್ಲಿ ಯಾವುದಾದರೂ ಒಂದು ವಿಷಯ ಆರಿಸಿಕೊಳ್ಳಬೇಕು. ಇತಿಹಾಸ, ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಭೂಗೋಳ. ಆಯ್ಕೆಯ ದಿನ ಸಭಾಂಗಣದಲ್ಲಿ ಮೇಜುಗಳನ್ನು ಹಾಕಿ, ಪಾಠ ಹೇಳುವ ನಮ್ಮನ್ನು ಕೂರಿಸುತ್ತಾರೆ. ಮಕ್ಕಳು ತರಕಾರಿ ಕೊಳ್ಳಲು ಬಂದವರ ಹಾಗೆ ಒಂದೊಂದೇ ಮೇಜು ನೋಡಿಕೊಂಡು ಹೋಗುತ್ತಾರೆ. ಅರ್ಥಶಾಸ್ತ್ರದ ಮೇಜಿಗೆ ಅಪ್ಪಂದಿರೇ ಮಕ್ಕಳ ಕೈಹಿಡಿದು ಕರೆತರುತ್ತಾರೆ. ಮನಶ್ಶಾಸ್ತ್ರದ ಮೇಷ್ಟ್ರು ‘ನಿಮ್ಮ ಸ್ವಭಾವ ತಿಳಿಯಿರಿ’ ಎಂಬ ಹಾಳೆ ಹಂಚುತ್ತಾರೆ. ತನ್ನ ಬಗ್ಗೆ ತಾನೇ ಓದಿಕೊಳ್ಳುವುದೆಂದರೆ ಆ ವಯಸ್ಸಿಗೆ ಎಲ್ಲಿಲ್ಲದ ಆಸೆ, ಅವರ ಮುಂದಿನ ಸಾಲು ಬಾಗಿಲು ದಾಟಿರುತ್ತದೆ. ಇತಿಹಾಸದವರು ಕಥೆ ಹೊಡೆದೇ ಒಂದಷ್ಟು ಮಕ್ಕಳನ್ನು ಗಿಟ್ಟಿಸಿಕೊಳ್ಳುತ್ತಾರೆ. ಭೂಗೋಳದ ಮೇಜಿನ ಹಿಂದೆ ನಾನು ನೊಣ ಹೊಡೆಯುತ್ತ ಕೂತಿರುತ್ತೇನೆ.

“ಸ್ವಲ್ಪ ನಗ್ತಾ ಕೂತ್ಕೊಳ್ಳಿ ಮೇಡಂ, ಮಕ್ಕಳು ಹೆದರ್ತಾರೆ,” ಎಂದು ಮನಶ್ಶಾಸ್ತ್ರದವರು ಒಮ್ಮೆ ಬುದ್ಧಿ ಹೇಳಿದರು.

“ನನ್ನ ಮುಖ ಇರೋದೇ ಹೀಗೆ, ಬಾಡಿಗೆಗೆ ತಂದದ್ದಲ್ಲ,” ಎಂದೆ. ಆಮೇಲೆ ಅವರು ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ.

ನನ್ನ ಬಳಿಯೂ ಒಂದು ಗಾಳ ಇದೆ. ನನ್ನ ತರಗತಿಯ ಪ್ರತಿಯೊಬ್ಬರೂ ಊರಿನ ಒಂದು ಬೀದಿಯ ನಕ್ಷೆ ಬರೆಯಬೇಕು. ಬೀದಿಗಳ ಹೆಸರಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಅವರ ಕೈಯಲ್ಲೇ ಎತ್ತಿಸುತ್ತೇನೆ. ಯಾರಿಗೆ ಯಾವುದು ಬಂತೆಂದು ಕೇಳುವುದಿಲ್ಲ, ಕೇಳಿದರೆ ಮೂಗು ತೂರಿಸದೆ ಇರಲಾರೆ. ನಾನು ಕೊಟ್ಟ ಪ್ರಶ್ನೆಪಟ್ಟಿ ಹಿಡಿದು ಮನೆಮನೆಗೂ ಹೋಗಿ ವಿಚಾರಿಸಿ ಬಣ್ಣ ಹಚ್ಚಬೇಕು: ಜನ ಇರುವ ಮನೆಗೆ ಹಳದಿ, ಅಂಗಡಿಗೆ ಕೆಂಪು, ಆಫೀಸಿಗೆ ನೀಲಿ, ಖಾಲಿ ಮನೆಗೆ ಬೂದು. ಬೇರೆ ಬೇರೆ ದಿನ ಮೂರು ಸಲ ಬಾಗಿಲು ತಟ್ಟಿದರೂ ಯಾರೂ ತೆರೆಯದೆ ಹೋದರೆ, ದೀಪ, ಬಟ್ಟೆ, ಮಾತು ಏನೂ ಕಾಣದೆ ಕೇಳದೆ ಹೋದರೆ, ಅದು ಖಾಲಿ. ಕಂಡದ್ದನ್ನು ಬರೆಯಿರಿ, ಊಹಿಸಬೇಡಿ ಎಂದು ವರ್ಷವಿಡೀ ಬಡಿದುಕೊಳ್ಳುತ್ತೇನೆ. ಎಲ್ಲಕ್ಕಿಂತ ಚೆನ್ನಾಗಿರುವ ನಕ್ಷೆ ಆಯ್ಕೆಯ ದಿನ ನನ್ನ ಬೆನ್ನ ಹಿಂದಿನ ಗೋಡೆಗೆ ಏರುತ್ತದೆ. ಆಗ ಆ ಬೀದಿಯ ಮಕ್ಕಳು ನುಗ್ಗಿ ಬಂದು, “ಏಯ್, ನಮ್ಮನೆ ನೋಡೋ ಇಲ್ಲಿ!” ಎಂದು ಬೆರಳಿಟ್ಟು ತೋರಿಸುತ್ತಾರೆ. ಹಾಗೆ ಬಂದವರಲ್ಲೇ ಕೆಲವರು ಭೂಗೋಳಕ್ಕೆ ಹೆಸರು ಕೊಡುತ್ತಾರೆ.

ಈ ಸಲ ಗೋಡೆಗೆ ಏರಬೇಕಾದ ನಕ್ಷೆ ಯಾವುದೆಂದು ಯೋಚಿಸುವ ಅಗತ್ಯವೇ ಇರಲಿಲ್ಲ. ತರಗತಿಯಲ್ಲಿ ಎಲ್ಲರೂ ‘ಇರುವೆ’ ಎಂದು ಕರೆಯುವ ಹುಡುಗಿಯೊಬ್ಬಳಿದ್ದಾಳೆ. ಸದ್ದಿಲ್ಲದೆ ಬರುತ್ತಾಳೆ, ಸದ್ದಿಲ್ಲದೆ ಬರೆಯುತ್ತಾಳೆ. ಹಾಜರಿ ಕೂಗಿದಾಗ ಅವಳ ಉತ್ತರ ಕೇಳಲು ಇಡೀ ತರಗತಿಯನ್ನು ಗದರಿಸಿ ಸುಮ್ಮನಾಗಿಸಬೇಕು. ಅವಳ ನಕ್ಷೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಗೆರೆ ಗೆರೆಯೂ ಅಚ್ಚುಕಟ್ಟು. ಬೀದಿ ನಮ್ಮದೇ. ಮೂಲೆಯ ದರ್ಜಿ ಅಂಗಡಿ ಕೆಂಪು, ಪಕ್ಕದ ತಾತನ ಮನೆ ಹಳದಿ. ಅದರ ಪಕ್ಕ ನಮ್ಮ ಮನೆ.

ನಮ್ಮ ಮನೆ ಬೂದು.

ಕೆಂಪು ಪೆನ್ನು ಎತ್ತಿದೆ. ಇಷ್ಟು ವರ್ಷ ಪಾಠ ಹೇಳಿದವಳ ಮನೆಯನ್ನೇ ಖಾಲಿ ಮಾಡಿದಳಲ್ಲ ಎಂದು ಮೈಯೆಲ್ಲ ಉರಿಯಿತು. ಅಂಚಿನಲ್ಲಿ ಇರುವೆಯ ಸಣ್ಣ ಅಕ್ಷರಗಳಿದ್ದವು: ‘ಮೂರು ಸಲ ತಟ್ಟಿದೆ. ಕಿಟಕಿ ಮುಚ್ಚಿದೆ. ಕುಂಡದ ಗಿಡ ಒಣಗಿದೆ.’ ಪೆನ್ನು ಕೆಳಗಿಟ್ಟೆ. ಆ ಮೂರು ಸಲವೂ ನಾನು ಮನೆಯಲ್ಲೇ ಇದ್ದೆ.

ಅಮ್ಮ ತೀರಿಕೊಂಡ ಮೇಲೆ ಮುಂದಿನ ಕೋಣೆ ಮುಚ್ಚಿಬಿಟ್ಟೆ. ಅವಳ ಮಂಚ ಅಲ್ಲಿತ್ತು. ಮೊದಮೊದಲು ಸಮಾಧಾನ ಹೇಳುವವರು ಬಂದರು, ಅದೇ ಮಾತು, ಅದೇ ನಿಟ್ಟುಸಿರು. ಸಾಕಾಗಿ ಹೋಯಿತು. ಬಾಗಿಲು ತೆರೆಯುವುದನ್ನು ನಿಲ್ಲಿಸಿದೆ, ಅವರು ಬರುವುದನ್ನು ನಿಲ್ಲಿಸಿದರು. ಈಗ ಅಡುಗೆಮನೆ, ಅದರ ಪಕ್ಕದ ಚಿಕ್ಕ ಕೋಣೆ, ಹಿತ್ತಲು, ಇಷ್ಟೇ ನನ್ನ ಮನೆ. ಶಾಲೆಗೆ ಹೋಗುವುದೂ ಬರುವುದೂ ಹಿತ್ತಲ ಓಣಿಯಿಂದಲೇ. ಬಾಗಿಲು ತಟ್ಟಿದ ದಿನಗಳಲ್ಲಿ ಏನೋ ಮಾರಲು ಬಂದವರೆಂದುಕೊಂಡು ಕದಲದೆ ಕೂತಿದ್ದೆ. ಒಂದು ದಿನವಂತೂ ಟೀ ಲೋಟವನ್ನು ಕೆಳಗಿಟ್ಟರೆ ಸದ್ದಾದೀತೆಂದು ಕೈಯಲ್ಲೇ ಹಿಡಿದುಕೊಂಡಿದ್ದೆ. “ಯಾರಾದ್ರೂ ಇದೀರಾ?” ಎಂದು ಹೊರಗೆ ಯಾರೋ ಕೇಳಿದ್ದರು. ದನಿ ಎಷ್ಟು ಮೆತ್ತಗಿತ್ತೆಂದರೆ ಗುರುತೇ ಸಿಗಲಿಲ್ಲ.

ಮಧ್ಯಾಹ್ನ ಇರುವೆಯನ್ನು ಕರೆದು ಆ ಮನೆಯ ಮೇಲೆ ಬೆರಳಿಟ್ಟೆ. “ಇದು ಖಾಲಿ ಅಂತ ಗ್ಯಾರಂಟಿನಾ?”

“ಪಕ್ಕದ್ಮನೆ ತಾತನ್ನೂ ಕೇಳ್ದೆ ಮಿಸ್. ಅಲ್ಲೊಬ್ರು ವಯಸ್ಸಾದ ಅಮ್ಮ ಇದ್ರಂತೆ. ಅವ್ರು ಹೋದ್ಮೇಲೆ ಯಾರೂ ಇಲ್ಲ ಅಂದ್ರು.” ತಾತನಿಗೆ ಕಣ್ಣು ಅಷ್ಟಕ್ಕಷ್ಟೆ, ಅವನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಇರುವೆ ಚೂರು ಅನುಮಾನಿಸಿ ಮುಂದುವರಿಸಿದಳು: “ಕೊನೇ ಸಲ ಈರುಳ್ಳಿ ಹುರಿಯೋ ವಾಸನೆ ಬಂದ್ಹಾಗಾಯ್ತು. ಆದ್ರೆ ಊಹಿಸ್ಬೇಡಿ ಅಂತ ನೀವೇ ಹೇಳಿದ್ರಲ್ಲ.”

ನನಗೆ ಅಳು ಬಂತು. ಮಕ್ಕಳ ಮುಂದೆ ಅಳುವ ಅಭ್ಯಾಸ ಇಲ್ಲದ್ದರಿಂದ ಕೆಮ್ಮಿದೆ. ನಾಳೆ ಆಯ್ಕೆಯ ದಿನ. ಸುಮ್ಮನಿದ್ದರೆ ನಾಳೆ ನನ್ನ ಬೆನ್ನ ಹಿಂದೆಯೇ ನನ್ನ ಮನೆ ಖಾಲಿಯಾಗಿ ನೇತಾಡುತ್ತದೆ, ನಾನು ಅದರ ಕೆಳಗೆ ಕೂತಿರಬೇಕು. ಬಾಯಿಬಿಟ್ಟರೆ, ಕತ್ತಲಲ್ಲಿ ಅವಿತು ಕೂರುವ ಹೆಂಗಸು ಯಾರೆಂದು ಮನಶ್ಶಾಸ್ತ್ರದ ಮೇಜಿನವರೆಗೂ ಸುದ್ದಿ ಮುಟ್ಟುತ್ತದೆ.

“ನಕ್ಷೆ ತಗೊಂಡು ಇವತ್ತು ಸಂಜೆ ಇನ್ನೊಂದ್ಸಲ ಹೋಗಿ ನೋಡು,” ಎಂದೆ. ಅಷ್ಟೇ ನನ್ನಿಂದ ಆದದ್ದು.

ಸಂಜೆ ಮುಂದಿನ ಕೋಣೆಯ ಚಿಲಕ ತೆಗೆದೆ. ಕಿಟಕಿ ಜಗ್ಗಿ ಜಗ್ಗಿ ತೆರೆಯಬೇಕಾಯಿತು, ಧೂಳು ಮೂಗಿಗೆ ಅಡರಿ ಸಾಲುಸಾಲಾಗಿ ಸೀನಿದೆ. ದೀಪ ಹಾಕಿ ಅಮ್ಮನ ಬರಿಯ ಮಂಚದ ತುದಿಯಲ್ಲಿ ಕೂತೆ. ಹುಡುಗಿ ಬಾರದಿದ್ದರೆ ಸಾಕು ಅನಿಸುತ್ತಿತ್ತು. ಬಾರದೇ ಹೋದರೆ ಏನು ಗತಿ ಎಂದೂ ಅನಿಸುತ್ತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಹಳೆಯ ಚಾಳಿ, ಉಸಿರು ಬಿಗಿಹಿಡಿದು ಕೂತೇಬಿಟ್ಟಿದ್ದೆ. ಮತ್ತೊಮ್ಮೆ ತಟ್ಟಿದಾಗ ಎದ್ದು ಹೋಗಿ ತೆರೆದೆ.

ಬಗಲಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ನಿಂತಿದ್ದ ಇರುವೆ ನನ್ನನ್ನು ಕಂಡು ಗಾಬರಿಯಾದಳು. “ಮಿಸ್! ನೀವು ಆಗ್ಲೇ ಬಂದ್ಬಿಟ್ರಾ? ನಾನು ಸರಿಯಾಗಿ ನೋಡಿದೀನಾ ಅಂತ ಚೆಕ್ ಮಾಡಕ್ಕಾ?” ನನ್ನ ಹಿಂದಿನ ಕೋಣೆಯತ್ತ ಇಣುಕಿದಳು. “ಕೀ ಯಾರು ಕೊಟ್ರು?”

ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನೀನು ಬರೆದದ್ದೇ ಸರಿ, ಹೊರಡು ಎಂದು ಕಳಿಸಬಹುದಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು.

“ಇದು ನಮ್ಮನೆ ಕಣೇ,” ಎಂದೆ. “ನೀನು ಬಂದಾಗೆಲ್ಲಾ ಒಳಗೇ ಇದ್ದೆ. ನಾನೇ ತೆಗೀಲಿಲ್ಲ.”

ಅವಳು ಪಿಳಿಪಿಳಿ ಕಣ್ಣುಬಿಟ್ಟಳು. “ಯಾಕೆ ಮಿಸ್?”

“ಅದು ಪ್ರಶ್ನೆಪಟ್ಟೀಲಿ ಇಲ್ಲ.”

ಬೇರೆ ಮಕ್ಕಳಾಗಿದ್ದರೆ ನಗುತ್ತಿದ್ದರು. ಇವಳು ಹೌದೆಂದು ತಲೆಯಾಡಿಸಿ, ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ ಕೂತು ನಕ್ಷೆ ಬಿಚ್ಚಿದಳು. ರಬ್ಬರಿನಿಂದ ಉಜ್ಜಿ ಉಜ್ಜಿ, ಮೇಲೆ ಹಳದಿ ಪೆನ್ಸಿಲ್ ಆಡಿಸಿದಳು. ಬೂದು ಪೂರ್ತಿ ಹೋಗಿರಲಿಲ್ಲ, ಎರಡೂ ಕಲೆತು ಮನೆ ಕೊಳೆಯಾದ ಹಾಗಾಯಿತು.

“ಚೆನ್ನಾಗಿ ಬರ್ಲಿಲ್ಲ ಮಿಸ್. ರಾತ್ರಿ ಬೇರೆ ಹಾಳೇಲಿ ಬರ್ಕೊಂಡು ಬರ್ಲಾ?”

“ಬೇಡ. ಹೀಗೇ ಇರ್ಲಿ.”

“ಹಾಗಾದ್ರೆ ಮೊದಲ್ನೇ ಪ್ರಶ್ನೆ,” ಎಂದು ಪೆನ್ಸಿಲ್ ಹಿಡಿದು ತಲೆಯೆತ್ತಿದಳು. “ಮನೇಲಿ ಎಷ್ಟು ಜನ ಇದೀರಾ?”

ಆ ಪ್ರಶ್ನೆ ಬರೆದವಳು ನಾನೇ. ಮರ್ಯಾದೆಯಿಂದ ಕೇಳಿ, ಉತ್ತರ ಬರುವವರೆಗೆ ಕಾಯಿರಿ ಎಂದು ಕಲಿಸಿದವಳೂ ನಾನೇ. ಅಮ್ಮ ಹೋದಾಗ ಬಂದವರೆಲ್ಲ ಅಮ್ಮನ ವಯಸ್ಸು ಕೇಳಿದರು, ಕಾಯಿಲೆ ಕೇಳಿದರು, ಕೊನೆಗೆ ಏನಂದಳೆಂದು ಕೇಳಿದರು. ಇದನ್ನು ಯಾರೂ ಕೇಳಿರಲಿಲ್ಲ. ಇರುವೆ ಕಾಯುತ್ತಿದ್ದಳು.

“ಒಬ್ಳು,” ಎಂದೆ.

“ಕೇಳಿಸ್ಲಿಲ್ಲ ಮಿಸ್,” ಎಂದಳು, ಯಾರ ಕಿವಿಗೂ ಬೀಳದ ದನಿಯ ಆ ಹುಡುಗಿ.

“ಒಬ್ಳೇ. ನಾನೊಬ್ಳೇ ಇದೀನಿ!”

ತರಗತಿಯಲ್ಲಿ ಗದರುವ ದನಿಯೇ ಬಂದುಬಿಟ್ಟಿತು. ಪಕ್ಕದ ಮನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ತಾತ ಗೋಡೆ ಹಿಡಿದುಕೊಂಡು ಹೊರಗೆ ಬಂದು ನಮ್ಮ ಕಡೆಗೆ ಮುಖ ಮಾಡಿದ.

“ಯಾರಮ್ಮಾ ಅದು? ಆ ಮನೇಲಿ ಯಾರಿದಾರೆ?”

ಇರುವೆ ನನ್ನನ್ನೇ ನೋಡಿದಳು. ಇದಕ್ಕೂ ಉತ್ತರ ಹೇಳಬೇಕಾದವಳು ನಾನೇ.

“ನಾನಿದೀನಿ ತಾತ,” ಎಂದೆ.