ಕಣ್ಣಿರುವ ಫೋಟೋ

"ಗಲ್ಲ ಒಂಚೂರು ಮ್ಯಾಕ್ಕೆ ಎತ್ತಿ ಹಿಡ್ಕಳಿ ಅಕ್ಕ," ಎಂದ ಸ್ಟುಡಿಯೋ ತೋಂಟದಾರ್ಯ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಹಾಂ, ಹಂಗೇ. ಕಣ್ಣಿನ್ ಯೋಚ್ನೆ ಬುಡಿ, ನಾಳೆ ಸ್ಟುಡಿಯೋದಲ್ಲಿ ನಾನೇ ಬರ್ದು ತೆರುಸ್ತೀನಿ."

ಅರಳಗುಪ್ಪೆಯ ಆ ಮನೆಯ ಜಗಲಿಯಲ್ಲಿ ದ್ರಾಕ್ಷಾಯಣಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೀಯಿಸಿ, ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟಾಗಿತ್ತು. ಗಲ್ಲದ ಕೆಳಗಿದ್ದದ್ದು ಸೊಸೆ ಸೌಂದರ್ಯಳ ಕೈ. ಬರೆದು ತೆರೆಸುವ ಮಾತು ಕಿವಿಗೆ ಬಿದ್ದದ್ದೇ ಅವಳು ಇನ್ನೊಂದು ಕೈಯನ್ನು ಕ್ಯಾಮೆರಾಕ್ಕೆ ಅಡ್ಡ ಹಿಡಿದಳು.

"ಬ್ಯಾಡ, ನಿಲ್ಸಿ. ನಮ್ಮತ್ತೆಗೆ ಯಾರೂ ಕಣ್ಣು ಬರೆಯೋದು ಬ್ಯಾಡ."

ತೋಂಟದಾರ್ಯನಿಗೆ ಮುಖಕ್ಕೆ ಹೊಡೆದಂತಾಯಿತು. ಸುತ್ತಮುತ್ತಲಿನ ಊರುಗಳ ಗೋಡೆಗಳ ಮೇಲೆ ಅವನು ಬರೆದ ಕಣ್ಣುಗಳು ಎಷ್ಟೋ ಇವೆ. ಗಂಡಸು ಹೆಂಗಸು ಎನ್ನದೆ ಎಲ್ಲರಿಗೂ ಒಂದೇ ಥರದ ಕಣ್ಣು ಎಂಬುದು ಬೇರೆ ಮಾತು. ಸತ್ತ ಮೇಲೆ ಮುಖದ ಫೋಟೋ ತೆಗೆದು ಕಣ್ಣು ಕೂರಿಸುವುದು ಈ ಕಡೆ ಹೊಸದೇನಲ್ಲ.

ಕಂಬಕ್ಕೆ ಒರಗಿ ಕೂತಿದ್ದ ಮಾವ ಬಸವರಾಜಪ್ಪ ತಲೆ ಎತ್ತಿದರು. "ಇನ್ನೇನ್ ಮಾಡಾನಮ್ಮ? ಮನೇಲಿ ಅವಳ್ದೊಂದು ಫೋಟೋ ಐತಾ? ಇದ್ದುದ್ನೆಲ್ಲಾ ಅವ್ಳೇ ಅಳ್ಸಾಕಿದ್ಲಲ್ಲ."

ಮಾತು ಕೋಪದ್ದಲ್ಲ, ಸೋತು ಹೋದವರದ್ದು. ಆದರೂ ಅದು ನೆಟ್ಟದ್ದು ಸೌಂದರ್ಯಳಿಗೇ. ಅವಳ ಗಂಡ ಉಜ್ವಲ್ ಬೆಳಗಿನಿಂದ ಬೀರು, ಪೆಟ್ಟಿಗೆ ಎಲ್ಲ ಜಾಲಾಡಿದ್ದ. ಅವನ ಮದುವೆಯ ಆಲ್ಬಮ್ಮಿನಲ್ಲಿ ಅವ್ವನ ಬೆನ್ನು ಎರಡು ಕಡೆ, ಮೊಣಕೈ ಒಂದು ಕಡೆ ಸಿಕ್ಕಿತ್ತು. ಅಡಿಗೆಮನೆಯಿಂದ ಆಚೆ ಬಂದಿದ್ದರೆ ತಾನೇ ಮುಖ ಸಿಗುವುದು? ಓಟಿನ ಕಾರ್ಡಿನಲ್ಲಿದ್ದ ಮುಖವನ್ನು ಅವಳ ಓಣಿಯವರೇ ಗುರುತು ಹಿಡಿಯುತ್ತಿರಲಿಲ್ಲ.

ತೋಟದಲ್ಲಿ ಗುಂಡಿ ತೋಡುತ್ತಿದ್ದರು. ನಾಲ್ಕಕ್ಕೆ ಹೆಣ ಎತ್ತಬೇಕೆಂದು ಕ್ರಿಯೆ ಮಾಡಿಸುವ ಅಯ್ಯನವರು ಹೇಳಿದ್ದರು. ಈಗ ಒಂದೂವರೆ.

* * *

ಮೂರು ವರ್ಷದ ಹಿಂದೆ, ಸೌಂದರ್ಯ ತುರುವೇಕೆರೆಯಿಂದ ಸೊಸೆಯಾಗಿ ಬಂದ ಮೂರನೇ ತಿಂಗಳು, ಅತ್ತೆ ಅವಳನ್ನು ಅಟ್ಟದ ಏಣಿಯ ಹತ್ತಿರ ಕರೆದಿದ್ದಳು.

"ನೀನು ಕಂಪ್ಯೂಟರ್ ಓದಿರೋಳಂತೆ. ಮ್ಯಾಲೊಂದು ಬಿದ್ದೈತೆ, ಅದ್ಕೊಂದು ಗತಿ ಕಾಣ್ಸು."

ಉಜ್ವಲ್ ಕಾಲೇಜಿನಲ್ಲಿದ್ದಾಗ ಕೊಂಡ ಕಂಪ್ಯೂಟರ್ ಅದು. ಅವನು ಅಪ್ಪನ ಜೊತೆ ಕೊಬ್ಬರಿ ವ್ಯಾಪಾರಕ್ಕೆ ಇಳಿದ ಮೇಲೆ ವೈರಸ್ ಹತ್ತಿ ಕೆಟ್ಟು ಕೂತಿತ್ತು. ನೆಲದಲ್ಲಿಟ್ಟರೆ ಥಂಡಿ ಹಿಡಿಯುತ್ತದೆಂದು ಬಸವರಾಜಪ್ಪ ಅದನ್ನು ಅಟ್ಟಕ್ಕೆ ಏರಿಸಿ, ಒಣಗಲು ಹಾಕಿದ ತೆಂಗಿನಕಾಯಿಗಳ ನಡುವೆ ಕೂರಿಸಿದ್ದರು. ವರ್ಷಗಟ್ಟಲೆ ಅಟ್ಟದಲ್ಲಿದ್ದು ಕಾಯಿ ಕೊಬ್ಬರಿಯಾಗುವ ಸೀಮೆಯಲ್ಲಿ ಯಾವುದನ್ನು ಕಾಪಾಡಬೇಕೆಂದರೂ ಅಟ್ಟವೇ ಗತಿ. ಕಾಪಾಡಲು ಕಾರಣವೂ ಇತ್ತು. ಗೆದ್ದಲು ಹತ್ತಿದ ಆಲ್ಬಮ್ಮಿನಲ್ಲಿ ಅಳಿದುಳಿದ ಫೋಟೋಗಳನ್ನು ಅವರು ಅದರೊಳಗೆ ಹಾಕಿಸಿ, ಆಲ್ಬಮ್ಮನ್ನು ಒಲೆಗೆ ಹಾಕಿದ್ದರು. "ಎಲ್ಲಾ ಕಂಪ್ಯೂಟರಲ್ಲಿ ಭದ್ರವಾಗೈತೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಉಸಿರಾಡಿ ಎಷ್ಟು ಕಾಲವಾಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಕೆಳಗಿಳಿಸಿ ಸ್ವಿಚ್ ಹಾಕಿದಾಗ ದ್ರಾಕ್ಷಾಯಣಮ್ಮ ಮೊದಲು ಮಾಡಿದ್ದು, ಬಗ್ಗಿ ಡಬ್ಬಕ್ಕೆ ಕಿವಿಗೊಟ್ಟದ್ದು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಲೊಟಲೊಟ ಎಂದರೆ ಕೊಬ್ಬರಿಯಾಗಿದೆ ಎನ್ನುವ ಕಿವಿ ಅದು. "ಒಳ್ಗೆ ಏನೋ ತಿರುಗ್ತೈತೆ ಕಣವ್ವ. ಸತ್ತಿಲ್ಲ," ಎಂದಳು.

ಸೌಂದರ್ಯಳ ಹತ್ತಿರ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದಿದ್ದ ಲಿನಕ್ಸ್ ಎಂಬ ಹೊಸ ತಂತ್ರಾಂಶದ ಸಿಡಿ ಇತ್ತು. ವೈರಸ್ ಕಾಟವಿಲ್ಲ, ಹಳೇ ಯಂತ್ರದಲ್ಲೂ ಓಡುತ್ತದೆ ಎಂದು ಹಾಕಿದಳು. ಪರದೆ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ಹೋಯಿತು.

"ಏನ್ ಕೇಳ್ತೈತೆ ಅದು?"

"ಏನಿಲ್ಲ ಅತ್ತೆ. ಎಲ್ಲದಕ್ಕೂ ಹೂಂ ಅಂತ ಹೋಗೋದು ಅಷ್ಟೆ."

ಇಡೀ ಡಿಸ್ಕ್ ಅಳಿಸಲೇ ಎಂದು ಕೇಳಿದ್ದಕ್ಕೂ ಅವಳು ಹೂಂ ಅಂದಿದ್ದಳು. ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ ಬಸವರಾಜಪ್ಪ ಬಂದು, ಬೆಳಗುವ ಪರದೆ ಕಂಡು ಹಿಗ್ಗಿ, "ಎಲ್ಲಿ, ನಮ್ಮವ್ವನ ಫೋಟೋ ತೆಗೀರಿ," ಎಂದರು. ಸೌಂದರ್ಯ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದಿದ್ದಳು.

"ನಾನು ಗೊತ್ತಿಲ್ದೆ ಏನೋ ಒತ್ಬುಟ್ಟೆ ಕಣ್ರೀ. ಎಲ್ಲಾ ಹೋಯ್ತು."

ಅವರು ಬೈಯಲಿಲ್ಲ. "ನಮ್ಮವ್ವನ್ದು ಅದೊಂದೇ ಇದ್ದಿದ್ದು," ಎಂದಷ್ಟೇ ಹೇಳಿ ಆಚೆ ಹೋದರು. ಒಂಬತ್ತು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಆ ಕಂಪ್ಯೂಟರನ್ನಂತೂ ಮತ್ತೆ ಮುಟ್ಟಲಿಲ್ಲ.

"ಯಾಕತ್ತೆ ಹಂಗಂದ್ರಿ?" ಎಂದು ಸೌಂದರ್ಯ ಅಡಿಗೆಮನೆಯಲ್ಲಿ ಅತ್ತಳು.

"ನೀನು ಬಂದು ಮೂರ್ ತಿಂಗ್ಳು, ನಾನು ಬಂದು ಮೂವತ್ಮೂರು ವರ್ಷ. ನನ್ ಮ್ಯಾಲಿನ್ ಕೋಪ ಇಳೀತೈತೆ ಬುಡು." ದ್ರಾಕ್ಷಾಯಣಮ್ಮ ಸೆರಗಿನಿಂದ ಅವಳ ಮೂಗು ಒರೆಸಿದಳು. "ಅತ್ರೆ ಹೋಗಿದ್ದು ಬತ್ತದಾ? ಬಾ, ಅದ್ನ ನಡ್ಸೋದು ಹೇಳ್ಕೊಡು. ಕಳ್ದಿರಾವ್ನೆಲ್ಲಾ ಹುಡುಕ್ ತರ್ತೀನಿ."

ಏಳನೇ ಕ್ಲಾಸು ಓದಿದ ಹೆಂಗಸು, ಇಂಗ್ಲಿಷ್ ಅಕ್ಷರಗಳನ್ನು ಆಕಾರದ ಮೇಲೆ ಗುರುತಿಟ್ಟುಕೊಂಡಳು. ಮಾಡಬೇಕಾದ್ದನ್ನೆಲ್ಲ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಕನ್ನಡದಲ್ಲಿ ಬರೆದು ಮೊಳೆಗೆ ಸಿಕ್ಕಿಸಿದಳು. ಬಿಡುವಾದಾಗಲೆಲ್ಲ ಬಸ್ಸು ಹತ್ತಿ ನಂಟರ ಮನೆಗಳಿಗೆ ಹೋಗಿ, ಹಳೇ ಫೋಟೋ ಇಸಿದುಕೊಂಡು, ತಿಪಟೂರಿನಲ್ಲಿ ಸ್ಕ್ಯಾನ್ ಮಾಡಿಸಿ ಸಿಡಿ ತರುತ್ತಿದ್ದಳು. ಸೌಂದರ್ಯ ಮೊದಮೊದಲು ಜೊತೆಗೆ ಕೂತಳು. ಮಗುವಾದ ಮೇಲೆ ಅದೂ ತಪ್ಪಿ, ಅತ್ತೆ ಒಬ್ಬಳೇ ಆದಳು. ಗಂಡನಿಗಾಗಲಿ ಮಗನಿಗಾಗಲಿ ಅವಳು ಈ ಹುಡುಕಾಟದ ಸುದ್ದಿ ಎತ್ತಿರಲಿಲ್ಲ. ಕೈಗೆ ಬಂದದ್ದೆಷ್ಟು, ಬಾರದ್ದೆಷ್ಟು ಎಂದು ಸೊಸೆ ಕೇಳಲಿಲ್ಲ. ಕೇಳಲು ಅವಳಿಗೆ ಮುಖವಿರಲಿಲ್ಲ.

* * *

"ಅಯ್ಯೋ ನನ್ನವ್ವಾ! ಸೋಮ್ವಾರ ಬತ್ತೀನಿ ಅಂದೋಳು ಹಿಂಗ್ ಕೂತ್ಬುಟ್ಯಲ್ಲೇ!"

ಹುಳಿಯಾರಿನಿಂದ ಬಂದ ಚಿಕ್ಕಗೌರಮ್ಮ ದ್ರಾಕ್ಷಾಯಣಮ್ಮನ ಪಾದ ಹಿಡಿದು ಅತ್ತಳು. ಅವಳು ಬಸವರಾಜಪ್ಪನ ದೊಡ್ಡಮ್ಮನ ಮಗಳು. ಸೌಂದರ್ಯ ನೀರು ತಂದು ಕೊಟ್ಟು ಕೇಳಿದಳು, "ಸೋಮ್ವಾರ ಯಾಕೆ ಬರೋರಿದ್ರು ನಮ್ಮತ್ತೆ?"

"ಫೋಟೋ ವಾಪಸ್ ಕೊಡಾಕೆ ಕಣವ್ವ. ಹೋದ್ ತಿಂಗ್ಳು ಬಂದು ನಮ್ಮ ಗೋಡೇಲಿದ್ದುದ್ನೇ ಕಿತ್ಕೊಂಡು ಹೋದ್ಲು. ಕಟ್ಟು ಬಿಚ್ಚಬ್ಯಾಡ ಕಣೇ ಅಂದ್ರೆ ಕೇಳ್ಬೇಕಲ್ಲ. ಹೊಸ ಗಾಜು ಹಾಕ್ಸಾಕೆ ತಿಪಟೂರಲ್ಲಿ ಕೊಟ್ಟೀನಿ, ಸೋಮ್ವಾರ ತತ್ತೀನಿ ಅಂದಿದ್ಲು. ಇದೊಂದು ಸಿಕ್ರೆ ನನ್ ಕೆಲ್ಸ ಮುಗೀತು ಅಂದ್ಲು."

ಸೌಂದರ್ಯ ಲೋಟವನ್ನು ಅಲ್ಲೇ ಇಟ್ಟು ಒಳಗೆ ನಡೆದಳು. ಹೆಣದ ಮುಂದಿನಿಂದ ಎದ್ದು ಹೋಗಿ ಕಂಪ್ಯೂಟರ್ ಹಚ್ಚುವ ಸೊಸೆಯನ್ನು ಯಾರೂ ಕಂಡಿರಲಿಲ್ಲ. ಹೆಂಗಸರು ಮುಖಮುಖ ನೋಡಿಕೊಂಡರು. ನೋಡಿಕೊಳ್ಳಲಿ. ಮೂರು ವರ್ಷದಿಂದ ಎದೆಯಲ್ಲಿ ಕೂತಿದ್ದ ಮಾತನ್ನು ಅತ್ತೆ ಮಣ್ಣಿಗೆ ಹೋಗುವ ಮೊದಲು ಆಡದಿದ್ದರೆ ಇನ್ನು ಯಾವತ್ತೂ ಆಡಲಾಗುವುದಿಲ್ಲ. ಆದರೆ ಬರಿಗೈಯಲ್ಲಿ ಆಡುವುದಕ್ಕೆ ಅವಳು ತಯಾರಿರಲಿಲ್ಲ.

ಮೊಳೆಯಲ್ಲಿ ಕ್ಯಾಲೆಂಡರ್ ಹಾಳೆಗಳು ದಪ್ಪಗೆ ಜೋತಾಡುತ್ತಿದ್ದವು. ಮೊದಲ ಹಾಳೆಯಲ್ಲಿ ಅತ್ತೆಯ ಗುಂಡಗಿನ ಅಕ್ಷರ: "ಪರದೆ ಕಪ್ಪಾಗಿ ಬರೀ ಬರಹ ಓಡಿದರೆ ಹೆದರಬೇಡ. ಅದು ಅದರ ಪಾಡಿಗೆ ಎದ್ದೇಳುತ್ತದೆ." ಅದರ ಕೆಳಗೆ, ಎರಡು ಗೆರೆ ಎಳೆದು: "ಏನಾದರೂ ಕೇಳಿದರೆ ತಕ್ಷಣ ಹೂಂ ಅನ್ನಬೇಡ. ಓದು."

ಅಳುವುದಕ್ಕೆ ಹೊತ್ತಿರಲಿಲ್ಲ. ಸೌಂದರ್ಯ ಮೂಗೊರೆಸಿಕೊಂಡು ಓದುತ್ತಾ ಹೋದಳು. ಕಪ್ಪು ಪರದೆಯ ಮೇಲೆ ಬರಹ ಓಡಿ, ನಿಂತು, ನೀಲಿಯಾಯಿತು. ಊರಿಗೊಂದು ಕಡತ: ಹೊನ್ನವಳ್ಳಿ, ತುರುವೇಕೆರೆ, ನೊಣವಿನಕೆರೆ. ಕೊನೆಯದು ಹುಳಿಯಾರು. ಅದರಲ್ಲಿ ಒಂದೇ ಫೋಟೋ ಹದಿನೇಳು ಸಲ ಇತ್ತು. ಒಂದೊಂದರಲ್ಲೂ ಅತ್ತೆ ಅಳಿಸಿದ ಒಂದೊಂದು ಕಲೆ ಕಡಿಮೆ. ಮೊಳೆಯ ಕೊನೆಯ ಹಾಳೆಯಲ್ಲಿ ಬರೆದಿತ್ತು: "ಅವರ ಅವ್ವನ ಕೆನ್ನೆ ಮೇಲಿನ ಕಲೆ ಇನ್ನೂ ಪೂರ್ತಿ ಹೋಗಿಲ್ಲ. ಹೋದ ಮೇಲೆ ಅವರಿಗೆ ತೋರಿಸಬೇಕು."

ಸೌಂದರ್ಯ ಹದಿನೇಳನೆಯದನ್ನು ತೆರೆದಳು. ಎದ್ದು ಬಾಗಿಲಿಗೆ ಬಂದಳು.

"ಮಾವ, ಒಂದ್ ನಿಮಿಷ ಒಳ್ಗ್ ಬನ್ನಿ."

ಬಸವರಾಜಪ್ಪ ಗೋಡೆ ಹಿಡಿದುಕೊಂಡು ಬಂದರು. ಪರದೆಯಲ್ಲಿ ಅದೇ ಮನೆಯ ಅಟ್ಟದ ಏಣಿ. ಅದರ ಬುಡದಲ್ಲಿ ಮಣೆಯ ಮೇಲೆ ಕೂತ ಅವರ ಅವ್ವ ಒಂದು ಕಾಯಿಯನ್ನು ಹೊಸ ಸೊಸೆಯ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾಳೆ. ಸೊಸೆ ದ್ರಾಕ್ಷಾಯಣಿ ಕಣ್ಣರಳಿಸಿ ನೇರ ನೋಡುತ್ತಾ ನಗುತ್ತಿದ್ದಾಳೆ. ಒಳಗಿನ ಸದ್ದು ಆಗ ತಾನೇ ಕೇಳಿಸಿದೆ.

"ಅವ್ವ," ಎಂದರು ಬಸವರಾಜಪ್ಪ. ಆಮೇಲೆ ಇನ್ನೊಂದು ಮುಖದ ಹತ್ತಿರಕ್ಕೆ ಬಗ್ಗಿದರು.

"ಮಾವ, ಆವತ್ತು ಒತ್ತಿದ್ದು ನಾನು. ಅತ್ತೆ ಅಲ್ಲ. ಅವ್ರು ಏನ್ ಕೇಳ್ತೈತೆ ಅಂತ ಕೇಳಿದ್ರು. ನಾನೇ ಓದ್ದೆ ಹೂಂ ಅಂದೆ."

ಆಚೆ ಭಜನೆಯ ತಾಳ ನಿಂತು ಮತ್ತೆ ಶುರುವಾಯಿತು.

"ಒಂಬತ್ತು ದಿನ ಮಾತಾಡ್ಲಿಲ್ಲ ನಾನು," ಎಂದರು ಮಾವ. "ಒಂಬತ್ತು ದಿನವೂ ತಟ್ಟೆ ತಂದು ಮುಂದಿಟ್ಲು. ಒಂದ್ ಮಾತು ಬಾಯ್ ಬಿಡ್ಲಿಲ್ಲ."

"ತಪ್ಪಾಯ್ತು ಮಾವ."

"ನಂದೂ ಆಯ್ತು ಕಣಮ್ಮ. ನನ್ ತಪ್ನ ಯಾರ ಹತ್ರ ಹೇಳ್ಲಿ ಈಗ?"

ಧೋತರದ ತುದಿಯಿಂದ ಮುಖ ಒರೆಸಿಕೊಂಡು ಅವರು ಜಗಲಿಗೆ ಬಂದರು. ದನಿ ಗಟ್ಟಿಯಾಗಿತ್ತು. "ತೋಂಟದಾರ್ಯ, ಕಣ್ಣು ಬರೀಬ್ಯಾಡ ಕಣಪ್ಪ. ಕಣ್ಣಿರೋ ಫೋಟೋ ಸಿಕ್ಕೈತೆ."

ತೋಂಟದಾರ್ಯ ಒಳಗೆ ಹೋಗಿ ನೋಡಿ ಬಂದ. "ಪ್ರಿಂಟ್ ನಾಳೆ ಆಗ್ತದೆ ಯಜಮಾನ್ರೆ. ಆದ್ರೆ ಇದು ಬಾಳ ಎಳೇ ವಯಸ್ಸಿಂದು."

"ಇರ್ಲಿ. ನನ್ಗೆ ಅವ್ಳು ನೆನ್ನೆ ಗಂಟಾನೂ ಹಂಗೇ ಕಾಣ್ತಿದ್ಲು." ಮಗನ ಕಡೆ ತಿರುಗಿದರು. "ನಾಳೆ ಗಂಟ ಯಾರ್ ಕಾಯ್ತಾರೆ? ಅದ್ನ ಎತ್ಕೊಂಡ್ ಬಾರೋ ಆಚ್ಗೆ."

ಉಜ್ವಲ್ ಮತ್ತು ತೋಂಟದಾರ್ಯ ಆ ಭಾರದ ಮಾನಿಟರನ್ನೂ ಡಬ್ಬವನ್ನೂ ಹೊತ್ತು ತಂದು ದ್ರಾಕ್ಷಾಯಣಮ್ಮನ ಪಕ್ಕ ಮೇಜಿನ ಮೇಲಿಟ್ಟರು. ಅಡಿಗೆಮನೆಯಿಂದ ವೈರು ಎಳೆದರು. ಸೌಂದರ್ಯ ಮತ್ತೆ ಹಚ್ಚಿದಳು. ಪರದೆ ಕಪ್ಪಾಗಿ ಬರಹ ಓಡಿದಾಗ ನೆರೆದವರು ಗಾಬರಿಯಾದರು. "ಹೆದರ್ಬ್ಯಾಡಿ," ಎಂದಳು ಅವಳು. "ಅದ್ರ ಪಾಡಿಗೆ ಎದ್ದೇಳ್ತದೆ."

ಬಸವರಾಜಪ್ಪ ಮಾನಿಟರಿಗೆ ಸೇವಂತಿಗೆ ಹಾರ ಹಾಕಿದರು. ಚಿಕ್ಕಗೌರಮ್ಮ ಗಾಜಿನ ಮೇಲೆ, ಇಬ್ಬರ ಹಣೆಗೂ, ಎಣಿಸಿದಂತೆ ಮೂರು ಮೂರು ಬೆರಳು ವಿಭೂತಿ ಎಳೆದಳು. ಜನ ಬಂದು ಹೂವು ಹಾಕಿ, ಸತ್ತವಳನ್ನೂ ನಗುವವಳನ್ನೂ ನೋಡಿ ಹೋಗುತ್ತಿದ್ದರು.

ಹತ್ತು ನಿಮಿಷಕ್ಕೆ ಪರದೆ ತಟ್ಟನೆ ಕತ್ತಲಾಯಿತು. ಬಸವರಾಜಪ್ಪ ಬೆಚ್ಚಿ ಸೊಸೆಯ ಕಡೆ ನೋಡಿದರು.

"ಏನೂ ಆಗಿಲ್ಲ ಮಾವ. ಯಾರೂ ಮುಟ್ದಿದ್ರೆ ನಿದ್ದೆ ಮಾಡ್ತದೆ. ಇದ್ನ ಒಂಚೂರು ಆಡ್ಸಿದ್ರೆ ಸಾಕು." ಅವಳು ಮೌಸನ್ನು ಅವರ ಕೈಗೆ ಕೊಟ್ಟಳು.

ಮೂರು ವರ್ಷದಿಂದ ಆ ಯಂತ್ರವನ್ನು ಮುಟ್ಟದ ಮುದುಕ ಮೌಸನ್ನು ಮೇಜಿನ ಮೇಲೆ ಒಂದಿಷ್ಟು ಸರಿಸಿದರು. ಪರದೆಯಲ್ಲಿ ದ್ರಾಕ್ಷಾಯಣಿ ಮತ್ತೆ ಕಣ್ಣು ಬಿಟ್ಟಳು. ನಾಲ್ಕು ಹೊಡೆದು, ತೋಟದಿಂದ ಆಳು ಬಂದು ಗುಂಡಿಯಾಗಿದೆ ಎಂದು ಹೇಳಿ, ಅಯ್ಯನವರು ಎರಡು ಸಲ ಕೂಗಿದರೂ ಅವರು ಅಲ್ಲೇ ಕೂತಿದ್ದರು, ಅಂಗೈಯೊಳಗಿನ ಮೌಸನ್ನು ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ಆಡಿಸುತ್ತಾ.