ಇಲ್ಲಿ ಹೊಗೆ ಇಲ್ಲ

ಭಾವನ ಹೊಗೆ ತಪಾಸಣೆ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಒಂದು ಗಾಡಿಯೂ ಫೇಲಾಗಿಲ್ಲ. ಯಾವ ಶಾಲೆಗೂ ಇಲ್ಲದ ಈ ಕೀರ್ತಿ ಮೇಲ್ಸೇತುವೆಯ ಕೆಳಗಿನ ಒಂದು ತಗಡಿನ ಶೆಡ್ಡಿಗಿತ್ತು. ಅಲ್ಲಿದ್ದದ್ದು ಒಂದು ಕಂಪ್ಯೂಟರು, ಒಂದು ಕ್ಯಾಮೆರಾ, ಸೈಲೆನ್ಸರಿನೊಳಗೆ ತೂರಿಸುವ ಉದ್ದನೆಯ ಕೊಳವೆ, ಭಾವ ಕೂರುವ ಎಸಿ ಹಾಕಿದ ಗಾಜಿನ ಕ್ಯಾಬಿನ್ನು, ಮತ್ತು ಸನ್ಯಾಸಿ.

ಸನ್ಯಾಸಿ ಎಂದರೆ ಬೂದು ಬಣ್ಣದ ಒಂದು ಡೀಸೆಲ್ ಕಾರು. ರಸ್ತೆಗೆ ಇಳಿಯುವುದಿಲ್ಲ, ಚಟಗಳಿಲ್ಲ, ತಿಂಗಳಿಗೊಮ್ಮೆ ಆಯಿಲ್ ಬದಲಾವಣೆ. ತಪಾಸಣೆಗೆ ಬಂದ ಲಾರಿ ರಿವರ್ಸಿನಲ್ಲಿ ಬಂದು ಸನ್ಯಾಸಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಕ್ಯಾಮೆರಾ ಲಾರಿಯ ನಂಬರನ್ನು ಹಿಡಿಯುತ್ತಿತ್ತು, ಕೊಳವೆ ಸನ್ಯಾಸಿಯ ಸೈಲೆನ್ಸರಿಗೆ ಹೋಗುತ್ತಿತ್ತು. ಲಾರಿ ಎಷ್ಟು ಕಾರಿದರೂ ಕಾರು ಏನನ್ನೂ ಕಾರುತ್ತಿರಲಿಲ್ಲ. ಎಲ್ಲರೂ ಪಾಸು.

ಕೊಳವೆ ಹಿಡಿಯುವವನು ಭಾವನ ತಂಗಿಯ ಗಂಡ. ಎರಡು ಸೈಲೆನ್ಸರುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಬಲಗೈಯಿಂದ ಸನ್ಯಾಸಿಯ ಸೇವೆ ಮಾಡುವಾಗ ಅವನ ಎಡಗೆನ್ನೆ ಲಾರಿಯ ಕಡೆಗಿರುತ್ತಿತ್ತು. ವಿಡಿಯೋದಲ್ಲಿ ಸದ್ದು ಕೇಳಬೇಕಲ್ಲ, ಹಾಗಾಗಿ ಲಾರಿಯ ಇಂಜಿನ್ ಗುರುಗುಟ್ಟುತ್ತಲೇ ಇರಬೇಕು. ದಿನಕ್ಕೆ ಮೂವತ್ತು ಲಾರಿ. ಊರಿಗೆ ಹಂಚಬೇಕಾದ ಹೊಗೆಯ ಮೊದಲ ಪಾಲು ಅವನಿಗೇ. ನೆಂಟಸ್ತನ ಎಂದರೆ ಸುಮ್ಮನೆಯೇ?

ಮಳೆಗಾಲ ಮುಗಿದು ಕೆಮ್ಮು ಮಾತ್ರ ಮುಗಿಯದೆ ಉಳಿದಾಗ ಹೆಂಡತಿ ಅವನನ್ನು ಡಾಕ್ಟರ ಹತ್ತಿರ ಎಳೆದೊಯ್ದಳು. ಡಾಕ್ಟರು ಅವನ ಕೈಗೂ ಒಂದು ಕೊಳವೆ ಕೊಟ್ಟು, "ಜೋರಾಗಿ ಊದಿ" ಎಂದರು. ಊದಿದ. ಮುಳ್ಳು ಅರ್ಧದ ಹತ್ತಿರಕ್ಕೂ ಹೋಗಲಿಲ್ಲ. ಅವನು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ನೋಡಿದ.

"ಏನ್ರೀ ಹುಡುಕ್ತಿದ್ದೀರಿ?"

"ಏನಿಲ್ಲ ಡಾಕ್ಟ್ರೇ. ನಮ್ಮಲ್ಲಿ ಬದಲಿಗೆ ಊದೋಕೆ ಇನ್ನೊಬ್ಬ ಇರ್ತಾನೆ."

ಡಾಕ್ಟರು ನಗಲಿಲ್ಲ. "ಕೆಲಸ ಬಿಡಿ. ಬಿಡೋಕಾಗಲ್ಲ ಅಂದ್ರೆ ದಿನಾ ಹೊಸ ಮಾಸ್ಕ್ ಹಾಕ್ಕೊಳ್ಳಿ. ಎರಡೂ ಆಗಲ್ಲ ಅಂದ್ರೆ ಮುಂದಿನ ವರ್ಷ ಬನ್ನಿ. ನಡ್ಕೊಂಡು ಬರ್ತೀರೋ ಎತ್ಕೊಂಡು ಬರ್ತಾರೋ, ನಾನು ಹೇಳಲಾರೆ."

ಮರುದಿನ ಅವನು ಬಿಳಿ ಮಾಸ್ಕ್ ಹಾಕಿಕೊಂಡು ಬಂದ. ಭಾವ ಕ್ಯಾಬಿನ್ನಿನ ಬಾಗಿಲನ್ನು ತಲೆ ತೂರುವಷ್ಟೇ ತೆಗೆದ.

"ಏನಿದು ವೇಷ?"

"ಡಾಕ್ಟ್ರು ಹೇಳಿದ್ರು ಭಾವ."

"ಡಾಕ್ಟ್ರು ನಿಂಗೆ ಹೇಳಿದ್ರು. ನೀನು ಗಿರಾಕಿಗಳಿಗೆ ಏನ್ ಹೇಳ್ತಿದ್ದೀಯ ಗೊತ್ತಾ? ಸರ್ಟಿಫಿಕೇಟ್‌ನಲ್ಲಿ ಹೊಗೆ ಇಲ್ಲ ಅಂತಿದೆ. ನಿನ್ನ ಮೂತಿ ಮೇಲೆ ಇದೆ ಅಂತಿದೆ. ಯಾವ್ದನ್ನ ನಂಬ್ಬೇಕು ಅವ್ರು?"

"ನನ್ನ ಕೆಮ್ಮನ್ನ ನಂಬ್ಲಿ."

"ಹೋಟ್ಲಲ್ಲಿ ಬಡಿಸೋನು ಮೂಗು ಹಿಡ್ಕೊಂಡು ಬಡಿಸ್ತಾನೇನೋ? ಬಿಚ್ಚು ಅದನ್ನ."

ಬಿಚ್ಚಲಿಲ್ಲ. ಮೊದಲ ಲಾರಿಯ ಡ್ರೈವರ್ ಕೆಳಗಿಳಿಯದೆಯೇ ಕೂಗಿದ: "ಏನ್ ಸ್ವಾಮಿ, ತಂಗಿ ಗಂಡನ ಬಾಯಿಗೂ ಸೈಲೆನ್ಸರ್ ಹಾಕ್ಸಿದ್ದೀರಾ?" ಮೂಗು ಮುಚ್ಚಿಕೊಂಡ ತಪ್ಪಿಗೆ ಮಧ್ಯಾಹ್ನದೊಳಗೆ ಅವನಿಗೆ 'ಮೂಗ' ಎಂದು ಹೆಸರು ಬಿತ್ತು. "ಮೂಗಾ, ಬೇಗ ತೂರ್ಸೋ." "ಮೂಗಂಗೆ ನಮ್ಮ ಲಾರಿ ವಾಸ್ನೆ ಆಗಲ್ವಂತೆ, ಮೂಗಿಗಿಂತ ಮೂಗುತಿ ಭಾರ." ಮೂಗ ಉಸಿರೆತ್ತಲಿಲ್ಲ. ಉಸಿರೆತ್ತಲು ಉಸಿರಿದ್ದರಲ್ಲವೇ?

ಸಂಜೆ ಭಾವ ಒಂದೇ ಮಾತಲ್ಲಿ ಮುಗಿಸಿದ. "ನಾಳೆ ಒಂದೋ ಮಾಸ್ಕ್ ಬಿಟ್ಟು ಬಾ, ಇಲ್ಲ ಬರೋದನ್ನೇ ಬಿಡು."

ಆ ಮಾತು ಮನೆ ತಲುಪಿದ ಐದೇ ನಿಮಿಷಕ್ಕೆ ತಂಗಿಯ ಫೋನು ಬಂತು. ಭಾವನಿಗೆ ಊರಲ್ಲೆಲ್ಲ ಪ್ರಭಾವವಿತ್ತು. ತಂಗಿಯ ಎದುರು ಮಾತ್ರ ಅದರ ಅಭಾವ.

"ಅಣ್ಣ, ನಿನ್ನ ಗಾಡಿಗಳಿಗೆ ಸನ್ಯಾಸಿ ಇದ್ದಾನೆ. ನನ್ನ ಗಂಡನ ಬದ್ಲಿಗೆ ಊದೋಕೆ ನೀನು ಬರ್ತೀಯಾ?"

"ಅಲ್ಲ ಕಣೇ, ವ್ಯಾಪಾರ ಅಂದ್ಮೇಲೆ—"

"ವ್ಯಾಪಾರನಾ? ಆ ಸನ್ಯಾಸಿ ವಿಷ್ಯ ನಾನು ಯಾರ ಹತ್ರಾನಾದ್ರೂ ಬಾಯಿ ಬಿಟ್ರೆ ನಿನ್ನ ವ್ಯಾಪಾರಕ್ಕೆ ಹೊಗೆ. ಬಿಡ್ಲಾ?"

ಈ ಬಾಯಿಗೆ ಹೊಂದುವ ಮಾಸ್ಕನ್ನು ಯಾರೂ ಇನ್ನೂ ಹೊಲಿದಿಲ್ಲ ಎಂಬುದು ಅಣ್ಣನಿಗೆ ಬಾಲ್ಯದಿಂದ ಗೊತ್ತು. ಆದರೆ ಸೋತು ಸುಮ್ಮನಿರುವ ಜಾತಿಯಲ್ಲ. ಮೂರನೇ ದಿನ ಒಂದು ಡಬ್ಬ ತಂದು ಮೂಗನ ಕಾಲ ಬಳಿ ಕುಕ್ಕಿದ. ಇನ್ನೂರು ಬಿಳಿ ಮಾಸ್ಕ್. ಪ್ರತಿಯೊಂದರ ಮೇಲೂ ಈ ಕಿವಿಯಿಂದ ಆ ಕಿವಿಯವರೆಗೆ ದಪ್ಪ ಹಸಿರು ಅಕ್ಷರ: ಇಲ್ಲಿ ಹೊಗೆ ಇಲ್ಲ.

"ಹಾಕ್ಕೊಂಡು ಸಾಯಿ. ನಿನ್ನ ಮೂಗೂ ಮುಚ್ಚುತ್ತೆ, ಗಿರಾಕಿ ಬಾಯೂ ಮುಚ್ಚುತ್ತೆ."

ಅಲ್ಲಿಗೆ ಭಾವ ಅವನಿಗೆ ಮುಖ ಕೊಟ್ಟು ಮಾತಾಡುವುದನ್ನು ನಿಲ್ಲಿಸಿದ. ಹೇಳುವುದೇನಿದ್ದರೂ ಕ್ಯಾಬಿನ್ನಿನ ಗೋಡೆಗೆ ಹೇಳುತ್ತಿದ್ದ, ಗೋಡೆಯ ಕಡೆಯಿಂದ ಇವನು ಕೇಳಿಸಿಕೊಳ್ಳಬೇಕು. ಒಂಬತ್ತು ದಿನ ಹೀಗೇ ನಡೆಯಿತು. ಮೂಗ ಬೆಳಿಗ್ಗೆ ಹೊಸ ಮಾಸ್ಕ್ ತೊಡುತ್ತಿದ್ದ, ಸಂಜೆ ಕಸದ ಬುಟ್ಟಿಗೆ ಹಾಕಿ ಹೋಗುತ್ತಿದ್ದ. ನಡುವೆ ಆ ಮುಖಕ್ಕೆ ಏನಾಗುತ್ತಿದೆಯೆಂದು ಭಾವ ಒಮ್ಮೆಯೂ ಕಣ್ಣೆತ್ತಿ ನೋಡಲಿಲ್ಲ. ಹಗೆ ಎಂದರೆ ಹಾಗೆ. ಹೊಗೆಗಿಂತ ಹೆಚ್ಚಾಗಿ ಕಣ್ಣು ಮುಚ್ಚಿಸುತ್ತದೆ.

ಹತ್ತನೆಯ ದಿನ ಸಂಜೆ ನಾಲ್ಕಕ್ಕೆ, ಇಪ್ಪತ್ತಾರನೆಯ ಲಾರಿ ನಿಂತಿರುವಾಗ, ಲೈಸೆನ್ಸ್ ನವೀಕರಣಕ್ಕೆ ಇಲಾಖೆಯ ಅಧಿಕಾರಿ ಜೀಪಿನಿಂದ ಇಳಿದರು. ಭಾವ ಕ್ಯಾಬಿನ್ನಿನಿಂದ ಹಲ್ಲು ಕಿಸಿದುಕೊಂಡೇ ಓಡಿ ಬಂದ. ಅಧಿಕಾರಿ ಅವನನ್ನು ನೋಡದೆ ಅವನ ಹಿಂದೆ ನಿಂತಿದ್ದ ಮುಖವನ್ನು ಓದಿದರು.

"ಇಲ್ಲಿ ಹೊಗೆ."

"ಇಲ್ಲ ಸಾರ್," ಎಂದ ಭಾವ.

"ಏನು ಇಲ್ಲ?"

ಭಾವ ತಿರುಗಿದ. ಒಂಬತ್ತು ದಿನದ ಮೇಲೆ ಮೊದಲ ಸಲ ತಂಗಿಯ ಗಂಡನ ಮುಖ ನೋಡಿದ. ಬಲಗೆನ್ನೆಯ ಮೇಲಿನ 'ಇಲ್ಲಿ' ಎಲೆ ಹಸಿರಾಗಿ ನಗುತ್ತಿತ್ತು. ಮೂಗಿನ ಮೇಲೆ 'ಹೊಗೆ' ಸ್ವಲ್ಪ ಮಬ್ಬಾಗಿದ್ದರೂ ಇತ್ತು. ಎಡಗೆನ್ನೆಯ ಮೇಲೆ ಬಾಣಲೆಯ ತಳ.

"ಇಲ್ಲ ಅನ್ನೋದು ಇಲ್ಲ ಸಾರ್. ಅಂದ್ರೆ, ಇಲ್ಲ ಅನ್ನೋದು ಇತ್ತು."

"ಇಲ್ಲ ಅನ್ನೋದು ಎಲ್ಲಿ ಹೋಯ್ತು?"

"ಮಸಿ ಆಗಿದೆ ಸಾರ್. ಧೂಳು."

"ಧೂಳಾದ್ರೆ ಪೂರ್ತಿ ಮುಖಕ್ಕೆ ಆಗ್ಬೇಕಿತ್ತು. ಇದೇನ್ರೀ ಅರ್ಧಕ್ಕೆ?" ಅಧಿಕಾರಿ ಮೂಗನ ಕಡೆ ಬೆರಳು ಮಾಡಿದರು. "ಲಾರಿ ನಿಂತೇ ಇದೆಯಲ್ಲ. ಹೇಗೆ ಕೂತು ಪರೀಕ್ಷೆ ಮಾಡ್ತೀಯ, ಕೂತು ತೋರ್ಸು."

ಲಾರಿಯ ಇಂಜಿನ್ ಗುರುಗುಟ್ಟುತ್ತಿತ್ತು. ಭಾವ ಕಣ್ಣಲ್ಲೇ ಬೈದ, ಕಣ್ಣಲ್ಲೇ ಕೈ ಮುಗಿದ, ಗಲ್ಲವನ್ನು ಎರಡು ಸಲ ಲಾರಿಯ ಕಡೆಗೆ ಕುಣಿಸಿದ. ಇದೊಂದು ಸಲ ಕೊಳವೆಯನ್ನು ಲಾರಿಗೆ ಹಾಕು, ಮಸಿಗೆ ಕೊಳವೆ ಸೋರುತ್ತಿದೆ ಅಂತಲೋ ಮಿಷನ್ನು ಕೆಟ್ಟಿದೆ ಅಂತಲೋ ಏನೋ ಒಂದು ಹೇಳಿಕೊಳ್ಳೋಣ ಎಂದು ಅದರ ಅರ್ಥ. ಮೂಗನಿಗೆ ಅರ್ಥವಾಯಿತು. ಕೆಲಸ ಉಳಿಸಿಕೊಳ್ಳುವುದು ಎಷ್ಟು ಸುಲಭ ಎಂದೂ ಅರ್ಥವಾಯಿತು. ಒಮ್ಮೆ ಕೆಮ್ಮಿದ. ಡಾಕ್ಟರ ಮುಳ್ಳು ನೆನಪಾಯಿತು.

ಕುಕ್ಕರಗಾಲಲ್ಲಿ ಕೂತ, ದಿನಾ ಕೂರುವ ಹಾಗೆ. ಎಡಗೆನ್ನೆ ಲಾರಿಗೆ, ಬಲಗೈ ಸನ್ಯಾಸಿಗೆ. ಕೊಳವೆ ತನಗೆ ಗೊತ್ತಿದ್ದ ದಾರಿಯಲ್ಲಿ ತಾನೇ ಹೋಯಿತು. ಕಂಪ್ಯೂಟರು ಲಾರಿಯ ನಂಬರಿನ ಕೆಳಗೆ ಹಸಿರಲ್ಲಿ 'ಪಾಸ್' ಎಂದಿತು.

ಅಧಿಕಾರಿ ಆ ಹಸಿರನ್ನು ನೋಡಿದರು, ಕೊಳವೆಯ ತುದಿ ಯಾವ ಗಾಡಿಯಲ್ಲಿದೆ ಎಂದೂ ನೋಡಿದರು. ಮೂಗ ತನ್ನ ಮಾಸ್ಕಿನ ಡಬ್ಬವನ್ನು ಕಂಕುಳಿಗೆ ಸೇರಿಸಿ ಹೊರಬರುತ್ತಿದ್ದಂತೆ ಶೆಡ್ಡಿನ ಬಾಗಿಲಿಗೆ ಬೀಗ ಬಿತ್ತು, ಬೀಗದ ಮೇಲೆ ಅರಗು ಬಿತ್ತು. ಲಾರಿಯವನು "ನಮ್ಮ ಸರ್ಟಿಫಿಕೇಟ್ ಕತೆ ಏನು?" ಎಂದು ಕೇಳಿ, ಅಧಿಕಾರಿಯ ಮುಖ ನೋಡಿ, ಕೇಳೇ ಇಲ್ಲವೆಂಬಂತೆ ಗಾಡಿ ಬಿಟ್ಟ.

ಭಾವ ಮೂಗನ ಮುಖದಿಂದ ಮಾಸ್ಕನ್ನು ಕಿತ್ತು ನೆಲಕ್ಕೆಸೆದ. "ಉಂಡ ಮನೆಗೆ ಎರಡು ಬಗೆದ್ಯಲ್ಲೋ. ಯಾರ ಹತ್ರ ಏನೇನು ಬಾಯಿಬಿಟ್ಟಿದ್ದೀಯ ನೀನು?"

"ನಾನು ಬಾಯೇ ಬಿಟ್ಟಿಲ್ಲ ಭಾವ. ನೀವೇ ಅಚ್ಚು ಹಾಕ್ಸಿ ಮುಚ್ಚಿದ್ರಲ್ಲ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

"ತಲೆ ಹಾಕೋಕೆ ಬಾಗಿಲು ತೆಗೆದಿರ್ಬೇಕಲ್ಲ."

ಅಷ್ಟರಲ್ಲಿ ಅಧಿಕಾರಿಯ ಜೀಪು ಸ್ಟಾರ್ಟ್ ಆಯಿತು. ಒಮ್ಮೆ ಗೊರಗೊರ ಎಂದಿತು, ಮತ್ತೊಮ್ಮೆ ಎಂದಿತು, ಆಮೇಲೆ ಇಬ್ಬರ ಮುಖಕ್ಕೂ ಸಮನಾಗಿ ಒಂದು ಕಪ್ಪು ಮೋಡ ಉಗುಳಿ ಮುಂದೆ ಹೋಯಿತು. ಹಿಂದಿನ ಗಾಜಿನ ಮೇಲೆ ಪಾಸ್ ಸ್ಟಿಕ್ಕರ್ ಇತ್ತು, ಭಾವನ ಕೇಂದ್ರದ್ದೇ.

ಹನ್ನೊಂದು ವರ್ಷ ಎಸಿಯಲ್ಲಿ ಕೂತ ಭಾವನಿಗೆ ಆ ಶೆಡ್ಡಿನೆದುರು ಮೊದಲ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತ, ಮಾತು ಹೊರಡದೆ, ಕೈ ಚಾಚಿ ಮೂಗನ ಕಂಕುಳಲ್ಲಿದ್ದ ಡಬ್ಬ ತೋರಿಸಿದ.

ಮೂಗ ಡಬ್ಬ ತೆಗೆದು ಒಂದು ಹೊಸ ಮಾಸ್ಕನ್ನು ತಾನು ತೊಟ್ಟುಕೊಂಡ. ಮುಚ್ಚಳ ಮುಚ್ಚಿದ. ನೆಲದ ಮೇಲೆ ಬಿದ್ದಿದ್ದ ಹಳೆಯದನ್ನು ಹೆಕ್ಕಿ, ಒಮ್ಮೆ ಕೊಡವಿ, ಭಾವನ ಅಂಗೈಯಲ್ಲಿಟ್ಟ.

"ಇದು ಹಾಕ್ಕೊಳ್ಳಿ ಭಾವ. ಸುಳ್ಳಿನ ಭಾಗ ಉದುರಿದೆ, ಉಸಿರಾಡೋಕೆ ಸಲೀಸು."

ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ಕಡೆ ಹೊರಟ. ಹಿಂದೆ ಭಾವ ಕೆಮ್ಮುತ್ತಲೇ ಮಾಸ್ಕಿನ ಬಿಳಿ ಬದಿ ಯಾವುದು, ಕರಿ ಬದಿ ಯಾವುದು ಎಂದು ತಿರುಗಿಸಿ ನೋಡುತ್ತಿದ್ದ.