ನಡುಗುವ ಕೈಯ ರಂಧಾ

ಹುಬ್ಬಳ್ಳಿಯ ಕಡೆ ನನ್ನನ್ನು ರಂಧಾ ಎನ್ನುತ್ತಾರೆ. ಮೈಸೂರು ಸೀಮೆಯ ಬಡಗಿಗಳ ಬಾಯಲ್ಲಿ ನಾನು ಹತ್ತರಿ. ಪುಸ್ತಕ ಬರೆಯುವವರಿಗೆ ಕೀಸುಳಿ. ಹೆಸರು ಯಾವುದಾದರೂ ನನ್ನ ಕೆಲಸ ಒಂದೇ. ಒರಟು ಮರದ ಮೇಲೆ ಜಾರಿ, ಅದರ ಮೈಯಿಂದ ಈರುಳ್ಳಿಯ ಪೊರೆಯಂಥ ಸಿಪ್ಪೆ ಎತ್ತಿ, ಮರವನ್ನು ನುಣುಪಾಗಿಸುವುದು.

ನಾನು ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಎರಕದ ಮನೆಯಲ್ಲಿ. ಆ ಊರಿನ ಹೆಸರು ನನಗೆ ತಿಳಿಯದು. ನೆನಪಿರುವುದು ಕೆಂಪು ಬೆಳಕು ಮತ್ತು ಒದ್ದೆ ಮರಳಿನ ತಂಪು, ಅಷ್ಟೆ. ನೀರಿನಂತೆ ಹರಿದು ಬಂದ ನಾನು ಆ ಮರಳಿನ ಹೊಂಡದಲ್ಲಿ ಮಲಗಿದೆ. ಎಚ್ಚರಾಗುವಷ್ಟರಲ್ಲಿ ಪುಟ್ಟ ದೋಣಿಯಂಥ ಕಬ್ಬಿಣದ ಮೈ ಬಂದಿತ್ತು. ಯಾರೋ ನನ್ನ ತಳವನ್ನು ಉಜ್ಜಿ ಮಟ್ಟ ಮಾಡಿದರು, ಬಾಯಿಗೆ ಉಕ್ಕಿನ ಅಲಗು ಕೂರಿಸಿದರು, ಬೆನ್ನಿಗೆ ಕಟ್ಟಿಗೆಯ ಹಿಡಿ ಜೋಡಿಸಿದರು. ಎಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ ಮೇಲೆ ಬಹಳ ಕಾಲ ತೊಟ್ಟಿಲಲ್ಲಿದ್ದಂತೆ ತೂಗಾಡಿದೆ. ಅದು ಹಡಗು ಎಂದು ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಪೆಟ್ಟಿಗೆಯಿಂದ ನನ್ನನ್ನು ಮೊದಲು ಎತ್ತಿದ ಕೈ ಮೌನಪ್ಪ ಬಡಿಗೇರನದು. ಹುಬ್ಬಳ್ಳಿಯ ರೈಲು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಒಳಗಿನ ಹಲಗೆ ಕೂರಿಸುವ ಕೆಲಸ ಅವನದು. ಕಾರ್ಖಾನೆಯವರು ಕೊಟ್ಟ ಹತಾರಗಳಿದ್ದರೂ ನನ್ನನ್ನು ಅವನು ತನ್ನದೆಂದು ಕೊಂಡು ತಂದಿದ್ದ. ನಮ್ಮಂಥವರಿಗೆ ಮನುಷ್ಯರು ಕಾಣುವುದು ಕೆಳಗಿನಿಂದ. ಹಾಗಾಗಿ ಮೌನಪ್ಪನೆಂದರೆ ನನಗೆ ಒಂದು ಗದ್ದ, ಅದರಡಿಯ ಬೆವರಿನ ಹನಿ ಮತ್ತು ಆಗಾಗ ಅಲುಗುವ ಬಿಳಿ ಮೀಸೆ. ಅವನದು ಮಾತು ಕಡಿಮೆ. ನಾನು ಹಲಗೆಯ ಮೇಲೆ ಸುಂಯ್ ಎಂದು ಸಾಗುವ ಸದ್ದೇ ನಮ್ಮಿಬ್ಬರ ಮಾತು.

ದಾಂಡೇಲಿಯ ತೇಗವನ್ನು ಕೀಸುವಾಗ ನನಗೆ ಮರದ ಕನಸುಗಳು ಕಾಣುತ್ತಿದ್ದವು. ಒಂದು ಗೆರೆ ಅಗಲವಾಗಿದ್ದರೆ ಆ ವರ್ಷ ಮಳೆ ಚೆನ್ನಾಗಿತ್ತು. ಇನ್ನೊಂದು ಗೆರೆ ಕೂದಲೆಳೆಯಂತೆ ಸಣ್ಣಗಿದ್ದರೆ ಮರ ಆ ವರ್ಷ ಬಾಯಾರಿತ್ತು. ಹಕ್ಕಿಯೊಂದು ಕೂತುಹೋದ ಕೊಂಬೆಯ ಗಂಟು ಎದುರಾದಾಗ ಅಲಗು ತಡವರಿಸುತ್ತಿತ್ತು. ಆಗ ಮೌನಪ್ಪ ನನ್ನನ್ನು ತುಸು ಓರೆ ಮಾಡಿ ನಿಧಾನಕ್ಕೆ ದಾಟಿಸುತ್ತಿದ್ದ.

ಬರಬರುತ್ತ ಡಬ್ಬಿಗಳೆಲ್ಲ ಉಕ್ಕಿನವಾದವು. ಮೌನಪ್ಪ ನಿವೃತ್ತನಾದ, ಮನೆಯಲ್ಲಿ ಕೆಲಕಾಲ ಕಿಟಕಿ ಬಾಗಿಲು ಮಾಡಿದ, ಒಂದು ದಿನ ನನ್ನ ಬಳಿ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಅವನ ಮಗ ಕರೆಂಟಿನ ಯಂತ್ರ ತಂದು ನನ್ನನ್ನು ತಗಡಿನ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿದ. ಅಟ್ಟ ಸೋರುತ್ತಿತ್ತು.

ತುಕ್ಕು ನೋವಲ್ಲ. ಅದು ನಿದ್ದೆಯ ಹಾಗೆ ಬರುತ್ತದೆ. ಮೊದಲು ಅಲಗಿನ ತುದಿಯಲ್ಲಿ ಕಂದು ಬಣ್ಣದ ಸಣ್ಣ ಹೂವು. ಆಮೇಲೆ ತಳದಲ್ಲಿ, ಬೆನ್ನಿನಲ್ಲಿ, ಸ್ಕ್ರೂಗಳ ಸಂದಿಯಲ್ಲಿ ಹೂವೋ ಹೂವು. ನನ್ನ ಮೈಯ ಗಡಿ ಎಲ್ಲಿ, ಪೆಟ್ಟಿಗೆಯ ಗಡಿ ಎಲ್ಲಿ ಎಂಬುದು ಮರೆತುಹೋಯಿತು. ನಾನು ಮತ್ತೆ ಹಡಗಿನಲ್ಲಿದ್ದೆ, ಮತ್ತೆ ಮರಳಿನಲ್ಲಿದ್ದೆ, ಕಾಡೊಂದು ನನ್ನ ಮೇಲೆ ನಡೆದುಹೋಗುತ್ತಿತ್ತು. ಎಷ್ಟು ಮಳೆಗಾಲಗಳು ಹಾಗೆ ಕಳೆದವೋ. ಮನೆ ಕೆಡವಿದವರು ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟಾಗಲೂ ನನಗೆ ಪೂರ್ತಿ ಎಚ್ಚರವಾಗಲಿಲ್ಲ.

ಹಜರತ್‌ಬಿ ಸಂತೆಯ ಅಂಚಿನಲ್ಲಿ ಗೋಣಿಚೀಲ ಹಾಸಿ ಹಳೆಯ ಕಬ್ಬಿಣ ಮಾರುವವಳು. ಮುರಿದ ಬೀಗ, ನಲ್ಲಿ, ಸೈಕಲ್ ಚೈನುಗಳ ನಡುವೆ ನನ್ನನ್ನು ಇಟ್ಟಿದ್ದಳು. ಬಂದವರು ನೋಡುತ್ತಿದ್ದರು, ಹೋಗುತ್ತಿದ್ದರು. ಒಂದು ಶನಿವಾರ ಬಿಳಿ ಅಂಗಿಯ ಗೃಹಸ್ಥನೊಬ್ಬ ಬಗ್ಗಿ ನನ್ನನ್ನು ಬಲಗೈಯಲ್ಲಿ ಎತ್ತಿದ. ಅಂಥ ಕೈಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬೆರಳುಗಳು ಸಣ್ಣಗೆ, ಬಿಡದೆ, ಹಿಡಿದ ಗುಬ್ಬಚ್ಚಿಯ ಎದೆಯಂತೆ ನಡುಗುತ್ತಿದ್ದವು. ನಾನು ಜಾರಿ ಚೀಲದ ಮೇಲೆ ಬಿದ್ದೆ. ಅವನು ಸುತ್ತ ನೋಡಿ ಕೈಯನ್ನು ಜೇಬಿಗಿಳಿಸಿದ.

ಹಜರತ್‌ಬಿ ಕಂಡೂ ಕಾಣದವಳಂತೆ ಹೇಳಿದಳು: "ಎರಡೂ ಕೈಲೆ ಹಿಡೀರಿ ಅಣ್ಣಾರ. ಅದು ಒಂದ ಕೈಯಿಂದ ಹಿಡಿಯೂ ಸಾಮಾನಲ್ಲ."

ಅವನು ಎರಡೂ ಕೈಯಿಂದ ಹಿಡಿದ. ಭಾರ ಅಂಗೈಗೆ ಇಳಿಯುತ್ತಿದ್ದಂತೆ ನಡುಕ ಕಡಿಮೆಯಾಗಿ ನಿಂತೇಹೋಯಿತು. ಅವನಿಗೂ ಅದು ತಿಳಿದಿರಬೇಕು. ಬಹಳ ಹೊತ್ತು ನನ್ನನ್ನು ಕೆಳಗಿಡಲಿಲ್ಲ.

ಹೀಗೆ ನಾನು ವಿರೂಪಾಕ್ಷಪ್ಪ ಪತ್ತಾರನ ಮನೆ ಸೇರಿದೆ. ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನ ಹತ್ತಿರ ಅವನಿಗೆ ಕೈಗಡಿಯಾರ ರಿಪೇರಿಯ ಅಂಗಡಿಯಿತ್ತು. ಅದನ್ನು ಮುಚ್ಚಿ ಮನೆಯಲ್ಲಿ ಕೂತು ಬಹಳ ದಿನವಾಗಿರಲಿಲ್ಲ. ಈಗ ಎಲ್ಲರೂ ಮೊಬೈಲಿನಲ್ಲೇ ಹೊತ್ತು ನೋಡುತ್ತಾರೆ, ಗಡಿಯಾರ ಯಾರಿಗೆ ಬೇಕು ಎಂದು ಬಂದವರಿಗೆ ಹೇಳುತ್ತಿದ್ದ. ಹೆಂಡತಿ ಕಸ್ತೂರಿಗೂ ಅದನ್ನೇ ಹೇಳಿದ್ದ. ಕಸ್ತೂರಿ ಮುಂದಿನ ಕೋಣೆಯಲ್ಲಿ ಓಣಿಯ ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಅವಳ ಮೆಷಿನ್ನಿನ ಸದ್ದು ಮನೆ ತುಂಬ ಹರಿದಾಡುತ್ತಿತ್ತು. ಆದರೆ ಗಂಡ ಹೆಂಡತಿಯ ಮಾತು ಕೇಳುತ್ತಿದ್ದದ್ದು ಅಪರೂಪ. ಊಟದ ಹೊತ್ತಿಗೆ ಅವನು ತಾಟು ಹಿಡಿದು ಹಿತ್ತಲ ಕಟ್ಟೆಗೆ ಬಂದು, ಬೆನ್ನು ತಿರುಗಿಸಿ ಉಣ್ಣುತ್ತಿದ್ದ.

ನನ್ನನ್ನು ಬಿಚ್ಚಲು ಅವನು ಆತುರ ಮಾಡಲಿಲ್ಲ. ಗಡಿಯಾರಕ್ಕೆ ಎಣ್ಣೆ ಬಿಡುವ ಸೂಜಿಯಿಂದ ಸ್ಕ್ರೂಗಳ ಬುಡಕ್ಕೆ ಸೀಮೆಎಣ್ಣೆ ಬಿಟ್ಟು ಕಾದ. ದಿನವೂ ಬಂದು ಸ್ವಲ್ಪ ತಿರುಗಿಸಿ ನೋಡುವುದು, ಬಾರದಿದ್ದರೆ ಮತ್ತೆ ಬಿಡುವುದು. ಕಡೆಗೊಂದು ಬೆಳಿಗ್ಗೆ ಮೊದಲ ಸ್ಕ್ರೂ ಕಿರ್ ಎಂದು ಸಡಿಲಿತು. ಆ ಸದ್ದಿಗೆ ನನಗೆ ಅರ್ಧ ಎಚ್ಚರವಾಯಿತು.

ತುಕ್ಕು ಉಜ್ಜುತ್ತ ಕೂತಿದ್ದವನನ್ನು ಬಾಗಿಲಲ್ಲಿ ನಿಂತು ನೋಡಿದ ಕಸ್ತೂರಿ, ಹಿತ್ತಾಳೆ ಕೊಡಕ್ಕೆ ಹಾಕುವಂತೆ ಇದಕ್ಕೂ ಹುಣಸೆಹುಳಿ ಹಾಕಬಾರದೇ ಎಂದು ಕೇಳಿದಳು. ಅವನು ಉತ್ತರ ಕೊಡುವ ಮೊದಲೇ ಬೋಗುಣಿಯಲ್ಲಿ ಹುಳಿ ಕಿವುಚಿದ ನೀರು ತಂದಿಟ್ಟು ಹೋದಳು. ಆ ಕಂದು ನೀರಿನಲ್ಲಿ ನಾನು ರಾತ್ರಿ ಹಗಲು ಮಲಗಿದೆ. ಮೈಯ ಹೂವುಗಳು ಒಂದೊಂದೇ ಕಳಚಿ ತೇಲಿದವು. ಕನಸಿನ ಕಾಡು ದೂರ ಸರಿಯಿತು, ಹಡಗು ಸರಿಯಿತು. ಆಮೇಲೆ ಅಂಗಡಿಯ ಶೋಕೇಸಿನ ದಪ್ಪ ಗಾಜಿನ ಮೇಲೆ ಪಾಲಿಶ್ ಕಾಗದ ಅಂಟಿಸಿ ಅವನು ನನ್ನ ತಳವನ್ನು ಉಜ್ಜಿದ. ಒಂದು ಮಧ್ಯಾಹ್ನ ತಳದಲ್ಲಿ ಬೆಳಕು ಮೂಡಿತು. ಅದರಲ್ಲಿ ಅವನ ಮುಖ ಕಂಡಿತು. ಅಲ್ಲಿಯವರೆಗೆ ಗದ್ದವನ್ನಷ್ಟೇ ನೋಡಿದ್ದ ನಾನು ಒಬ್ಬ ಮನುಷ್ಯನ ಕಣ್ಣುಗಳನ್ನು ನೋಡಿದ್ದು ಆಗಲೇ.

ಉಜ್ಜುವಾಗ ಅವನ ಕೈ ನಡುಗುತ್ತಿರಲಿಲ್ಲ. ನನ್ನ ಭಾರವೇ ಅದನ್ನು ಹಿಡಿದಿಡುತ್ತಿತ್ತು. ತೊಂದರೆ ಬಂದದ್ದು ಅಲಗಿನಿಂದ. ಅಲಗು ಹಗುರ. ಸಾಣೆಕಲ್ಲಿನ ಮೇಲೆ ಅದನ್ನು ಒಂದೇ ಓರೆಯಲ್ಲಿ, ಕದಲಿಸದೆ ಎಳೆಯಬೇಕು. ಅವನು ಎಳೆದಷ್ಟೂ ಅದು ತೂಗಾಡಿತು, ಅಂಚು ಗುಂಡಗಾಯಿತು. ಮತ್ತೆ ತೇದ, ಮತ್ತೆ ಕೆಟ್ಟಿತು. ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ರಗಳನ್ನು ಚಿಮಟದಿಂದ ಎತ್ತಿಡುತ್ತಿದ್ದವನು ಅವನು. ಅಲಗನ್ನು ಕಲ್ಲಿಗೆ ಒತ್ತಿ ಹಿಡಿದು, ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದ. ಅದು ಜಾರಿ ಅವನ ಅಂಗೈ ಸೀಳಿತು.

ಅಲಗು ನೆಲಕ್ಕೆ ಬಿದ್ದ ಸದ್ದಿಗೆ ಕಸ್ತೂರಿ ಓಡಿಬಂದಳು. ಸೆರಗಿನಿಂದ ಗಾಯ ಒತ್ತಿ ಹಿಡಿದು ಪಕ್ಕದಲ್ಲೇ ಕೂತಳು. ಬಹಳ ಹೊತ್ತಾಯಿತು. ಸೆರಗು ತೆಗೆದು ನೋಡಿದಳು.

"ಕೈ ಯಾಕ ಹಿಂಗ ನಡಗಾಕತ್ತೈತಿ?"

"ರಕ್ತ ನೋಡಿ," ಎಂದ ವಿರೂಪಾಕ್ಷಪ್ಪ.

"ರಕ್ತ ನಿಂತೈತಿ. ಕೈ ನಿಂತಿಲ್ಲ."

ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಆಗ ಅವನು ಗೋಡೆಯ ಕಡೆ ನೋಡುತ್ತ, ಅಂಗಡಿ ಮುಚ್ಚುವುದಕ್ಕೆ ಮೊದಲಿನಿಂದಲೂ ಹೀಗಿದೆ ಎಂದು ಹೇಳಿದ. ಗಿರಾಕಿಗಳ ಮುಂದೆ ಚಿಮಟ ಕೈಜಾರುತ್ತಿತ್ತು. ಮುಚ್ಚದೆ ಬೇರೆ ದಾರಿಯಿರಲಿಲ್ಲ.

ಕಸ್ತೂರಿ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನಾ ಏನ್ ತಿಳ್ಕೊಂಡಿದ್ದೆ ಗೊತ್ತೈತೇನ್ರಿ? ನನ್ನ ಮಾರಿ ನೋಡಾಕ ನಿಮಗ ಬ್ಯಾಸರ ಆಗೇತಿ, ಅದಕ್ಕ ತಾಟ ಹಿಡ್ಕೊಂಡು ಹಿತ್ತಲಕ್ಕ ಹೋಗ್ತೀರಿ ಅಂತ ತಿಳ್ಕೊಂಡಿದ್ದೆ."

"ಸಾರು ಚೆಲ್ಲತಿತ್ತು."

"ಚೆಲ್ಲಿದ್ರ ಒರಸ್ತಿದ್ದೆ."

ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತೇ ಇದ್ದರು. ಮುಂದಿನ ಕೋಣೆಯಲ್ಲಿ ಅರ್ಧ ಹೊಲಿದ ಕುಬಸ ಮೆಷಿನ್ನಿನ ಸೂಜಿಯಡಿಯಲ್ಲಿ ಹಾಗೇ ಬಿದ್ದಿತ್ತು. ಬಿಸಿಲು ನನ್ನ ತಳದ ಮೇಲೆ ಬಿದ್ದು, ಅಲ್ಲಿಂದ ಎದ್ದು, ಗೋಡೆಯ ಮೇಲೆ ನೀರಿನಂತೆ ಅಲುಗಿತು.

ಆ ವಾರವೇ ಕಸ್ತೂರಿ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಇದು ನರಕ್ಕೆ ಸಂಬಂಧಿಸಿದ್ದು, ಗುಳಿಗೆಯಿಂದ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ, ವಯಸ್ಸಾದಂತೆ ಹೆಚ್ಚಲೂಬಹುದು ಎಂದು ಡಾಕ್ಟರು ಹೇಳಿದರಂತೆ. ಮನೆಗೆ ಬಂದವಳೇ ಸಾಣೆಕಲ್ಲು ತಂದು ಮುಂದಿಟ್ಟುಕೊಂಡಳು. ಕತ್ತರಿ ಮಸೆದು ಮಸೆದು ಅವಳ ಕೈಗೆ ಓರೆ ಗೊತ್ತಿತ್ತು. ಅವನ ಕೈಯ ಮೇಲೆ ತನ್ನ ಕೈಯಿಟ್ಟು ಅಲಗನ್ನು ಎಳೆದಳು. ಅವನು ಎಷ್ಟು ಒತ್ತಬೇಕೆಂದು ಹೇಳುತ್ತಿದ್ದ, ಅವಳು ಓರೆ ಕಾಯುತ್ತಿದ್ದಳು. ಗಾಯದ ಪಟ್ಟಿಗೆ ಎಣ್ಣೆ ಹತ್ತಿ ಕಪ್ಪಾಯಿತು. ಸಂಜೆಯ ಹೊತ್ತಿಗೆ ಅಲಗು ಅವನ ಮುಂಗೈಯ ಕೂದಲನ್ನು ಸದ್ದಿಲ್ಲದೆ ತೆಗೆಯಿತು.

ಕೀಸಲು ಮನೆಯಲ್ಲಿ ಒಳ್ಳೆಯ ಮರವೆಂದರೆ ಒಂದೇ ಇತ್ತು. ಅಂಗಡಿಯಲ್ಲಿ ಅವನು ಕೂತು ಕೆಲಸ ಮಾಡುತ್ತಿದ್ದ ತೇಗದ ಮೇಜು. ಅದನ್ನು ಮುಖ ತಿರುಗಿಸಿ ಗೋಡೆಗೆ ಆನಿಸಿದ್ದರು. ಎಣ್ಣೆಯ ಕಲೆ, ಚಿಮಟದ ಗೀರು, ಮೊಣಕೈ ಊರಿ ಊರಿ ಸವೆದ ಎರಡು ತಗ್ಗು. ವಿರೂಪಾಕ್ಷಪ್ಪ ಅದನ್ನು ಹಿತ್ತಲಿಗೆ ತಂದು ಬಹಳ ಹೊತ್ತು ಸವರಿದ. ಬೇಡವೆಂದರೆ ಬೇರೆ ಹಲಗೆ ತರೋಣ ಎಂದಳು ಕಸ್ತೂರಿ. ಅವನು ತಲೆಯಾಡಿಸಿ ನನ್ನನ್ನು ಮೇಜಿನ ಅಂಚಿಗೆ ಇಟ್ಟ, ಎರಡೂ ಕೈಯಿಂದ ಒತ್ತಿ ನೂಕಿದ.

ಸುಂಯ್.

ಕಪ್ಪು ಸಿಪ್ಪೆಯೊಂದು ನನ್ನ ಬಾಯಿಂದ ಎದ್ದು ಸುರುಳಿ ಸುತ್ತಿ ಅವನ ಪಾದದ ಮೇಲೆ ಬಿತ್ತು. ಅದರ ಹಿಂದೆ ಜೇನಿನ ಬಣ್ಣದ ತೇಗ ಕಣ್ಣು ಬಿಟ್ಟಿತು. ನನಗೆ ಪೂರ್ತಿ ಎಚ್ಚರವಾದದ್ದು ಆ ಕ್ಷಣ. ಮರದೊಳಗಿನ ಮಳೆಗಾಲಗಳು ಒಂದೊಂದಾಗಿ ನನ್ನ ತಳದಡಿ ಹಾದುಹೋದವು. ಅವನು ನೂಕುತ್ತಲೇ ಇದ್ದ. ಕೈ ಬಂಡೆಯಂತೆ ಸ್ಥಿರವಾಗಿತ್ತು. ಕಸ್ತೂರಿ ಸಿಪ್ಪೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ಅದರಾಚೆಗೆ ಗಂಡನನ್ನು ನೋಡಿದಳು.

ಆ ಮೇಜು ಅಡುಗೆಮನೆಗೆ ಹೋಯಿತು. ಇಬ್ಬರೂ ಅದರ ಮುಂದೆ ಎದುರುಬದುರು ಕೂತು ಉಣ್ಣತೊಡಗಿದರು. ಸಾರು ಚೆಲ್ಲುತ್ತಿತ್ತು, ಅವಳು ಒರೆಸುತ್ತಿದ್ದಳು. ಕೆಲವೊಮ್ಮೆ ಅವನೇ ಒರೆಸುತ್ತಿದ್ದ.

ಆಮೇಲಿನ ವರ್ಷಗಳು ಗಾಳಿಗೆ ತೇಲಿದ ಸಿಪ್ಪೆಗಳ ಹಾಗೆ ಹೋದವು. ಹಜರತ್‌ಬಿ ತನಗೆ ಸಿಕ್ಕ ತುಕ್ಕಿನ ರಂಧಾಗಳನ್ನೆಲ್ಲ ಅವನಿಗೆಂದು ಬೇರೆ ಇಡುತ್ತಿದ್ದಳು. ಕೆಲವಕ್ಕೆ ಹಿಡಿ ಇರಲಿಲ್ಲ, ಕೆಲವಕ್ಕೆ ಅಲಗು ಇರಲಿಲ್ಲ. ಗಂಡ ಹೆಂಡತಿ ಸೇರಿ ಒಂದೊಂದನ್ನೂ ಎಬ್ಬಿಸಿದರು. ಎದ್ದವು ಬಡಗಿಗಳ ಕೈಗೆ ಹೋದವು. ನನ್ನನ್ನು ಮಾತ್ರ ಕೊಡಲಿಲ್ಲ.

ಡಾಕ್ಟರು ಹೇಳಿದಂತೆಯೇ ಆಯಿತು. ನನ್ನ ಭಾರಕ್ಕೂ ಬಗ್ಗದಷ್ಟು ನಡುಕ ಬೆಳೆಯಿತು. ಒಂದು ದಿನ ಅವನು ನನ್ನನ್ನು ಕಸ್ತೂರಿಯ ಕೈಗೆ ಕೊಟ್ಟ. ಅವಳು ಮೊದಲ ಸಲ ನೂಕಿದಾಗ ನಾನು ಮರವನ್ನು ಕಚ್ಚಿ ನಿಂತೆ. ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತೇ, ಅಲಗು ಹೆಚ್ಚು ಹೊರಗೆ ಬಂದಿದೆ, ತುಸು ಹಿಂದಕ್ಕೆ ತಿರುಗಿಸು ಎಂದ. ಸದ್ದಿನಿಂದಲೇ ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕಲು ಬಾರದಾದಾಗ ಓಣಿಯ ಹೆಂಗಸರು ಈಗ ಕಸ್ತೂರಿಯನ್ನು ಕರೆಯುತ್ತಾರೆ. ಕುಬಸದ ಅಳತೆ ತೆಗೆದುಕೊಳ್ಳಲು ಹೋದವಳು ಬಾಗಿಲಿನ ಅಂಚನ್ನೂ ಕೀಸಿ ಬರುತ್ತಾಳೆ.

ನನ್ನ ಅಲಗು ಈಗ ಗಿಡ್ಡವಾಗಿದೆ. ಮಸೆದಾಗಲೆಲ್ಲ ನಾನು ಸ್ವಲ್ಪ ಸ್ವಲ್ಪ ಕಲ್ಲಿನ ಮೇಲೆ ಉಳಿದುಹೋಗುತ್ತೇನೆ. ಅಟ್ಟದ ಮೇಲೆ ಮಲಗಿದ್ದಾಗಲೂ ನಾನು ಸವೆಯುತ್ತಿದ್ದೆ, ಈಗಲೂ ಸವೆಯುತ್ತಿದ್ದೇನೆ. ಆಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಇಬ್ಬರಿಗೆ ಗೊತ್ತು. ಇಷ್ಟು ಬದುಕಿ ನಾನು ತಿಳಿದುಕೊಂಡದ್ದು ಇದೊಂದನ್ನೇ ಎನಿಸುತ್ತದೆ.

ಕೆಲಸವಿಲ್ಲದ ಹೊತ್ತಿನಲ್ಲಿ ನನ್ನ ಜಾಗ ವಿರೂಪಾಕ್ಷಪ್ಪನ ಮಂಚದ ಪಕ್ಕದ ಕಿಟಕಿ. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದವನು ಒಂದು ಕೈಯನ್ನು ನನ್ನ ಬೆನ್ನಿನ ಮೇಲೆ ಇಡುತ್ತಾನೆ. ನಡುಕ ನನ್ನೊಳಗೆ ಇಳಿಯುತ್ತದೆ. ಕಿಟಕಿಯ ಕಲ್ಲಿನ ಮೇಲೆ ನನ್ನ ಕಬ್ಬಿಣ ಸಣ್ಣಗೆ, ಬಿಡದೆ ಸದ್ದು ಮಾಡುತ್ತದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ನಿಲ್ಲುತ್ತದೆ.

"ಎದ್ರೇನ್ರಿ? ಚಾ ಇಡ್ಲೇನು?" ಎಂಬ ದನಿ ಬರುತ್ತದೆ.

"ಇಡು," ಎನ್ನುತ್ತಾನೆ ಅವನು. ಕೈ ತೆಗೆಯುವುದಿಲ್ಲ.